ಪೂರ್ತಿ ತೂಕ

ನಮ್ಮೂರಿನ ಸೇತುವೆಯ ಈಚೆಗೆ ಎಲ್ಲವೂ ಅರ್ಧ ತೂಕ. ಆಚೆಗೆ ಪೂರ್ತಿ. ಸೇತುವೆಯ ನಡುವೆ ಒಂದು ಹಳೆಯ ಹಾಸುಗಲ್ಲಿದೆ. ಅದನ್ನು ದಾಟಿ ಆಚೆ ಕಾಲಿಟ್ಟರೆ ಹೆಗಲ ಮೇಲೆ ಯಾರೋ ಬಂದು ಕೂತ ಹಾಗಾಗುತ್ತದೆ. ಈಚೆ ಕಾಲಿಟ್ಟರೆ ಅವರು ಇಳಿದು ಹೋದ ಹಾಗೆ. ಇಲ್ಲಿ ಹುಟ್ಟಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈಚೆ ಮನೆ ಕಟ್ಟುವವರು ಸೂರನ್ನು ಎರಡು ಮೊಳ ಎತ್ತರಿಸಿ ಕಟ್ಟುತ್ತಾರೆ, ಇಲ್ಲದಿದ್ದರೆ ಮಕ್ಕಳು ಕುಣಿದಾಗ ತಲೆ ತಾಗುತ್ತದೆ. ದೋಸೆ ಮಗುಚುವಾಗ ಕೈ ಜೋರಾದರೆ ದೋಸೆಗಾಗಿ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಮಂಡಿ ಸವೆದ ಮುದುಕರು ಆಚೆಯಿಂದ ಬಂದು ಈಚೆಗೆ ಬಾಡಿಗೆ ಮನೆ ಹಿಡಿಯುತ್ತಾರೆ, ಎಂಬತ್ತರ ವಯಸ್ಸಿನಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾರೆ. ಬಸ್ ಸ್ಟ್ಯಾಂಡು, ಕೋರ್ಟು, ಆಸ್ಪತ್ರೆ, ಮಾರ್ಕೆಟ್ಟು ಎಲ್ಲ ಆಚೆಗಿವೆ. ಶಾಲೆ, ಮೈದಾನ, ಮನೆಗಳು ಈಚೆಗೆ. ಕೆಲಸವಿದ್ದವರು ದಾಟುತ್ತಾರೆ, ಇಲ್ಲದವರು ದಾಟುವುದಿಲ್ಲ.

ನಾನು ದಾಟದವಳು. ಹೆಸರು ಇಂದುಮತಿ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದು ಹೋದ ವರ್ಷ ನಿವೃತ್ತಳಾದೆ. ಆದರೆ ಮೈದಾನ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ ಸರಿಯಾಗಿ ನಾನು ಅಲ್ಲಿರಬೇಕು. ನಾಲ್ಕು ಸುತ್ತು ಓಟ, ಮುನ್ನೂರು ಸ್ಕಿಪ್ಪಿಂಗ್, ಐವತ್ತನಾಲ್ಕು ಸೂರ್ಯನಮಸ್ಕಾರ, ಕೊನೆಗೆ ಕಸರತ್ತಿನ ಮರದ ಕುದುರೆಯ ಮೇಲೆ ಕೈಯೂರಿ ಗಾಳಿಯಲ್ಲಿ ಒಂದು ಪಲ್ಟಿ. ಈ ಕ್ರಮ ಒಂದು ದಿನವೂ ಹಿಂದುಮುಂದಾಗಿಲ್ಲ. ಚುನಾವಣೆಯ ಸಭೆಗೆಂದು ಮೈದಾನದ ತುಂಬ ಪೆಂಡಾಲು ಹಾಕಿದ ದಿನ ಅದರ ಕಂಬಗಳ ನಡುವೆಯೇ ಓಡಿದ್ದೆ. ನನ್ನ ಜೊತೆ ಹದಿನಾರು ಹೆಂಗಸರು ಬರುತ್ತಿದ್ದರು, ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿನಿಯರು. ಅರವತ್ತೊಂದರ ನಾನು ಪಲ್ಟಿ ಹೊಡೆದು ನಿಂತಾಗ ಅವರು ದಿನಾ ನೋಡಿದ್ದನ್ನೇ ಮತ್ತೆ ಬಾಯಿ ತೆರೆದು ನೋಡುತ್ತಿದ್ದರು. “ಟೀಚರ್‌ಗೆ ವಯಸ್ಸೇ ಆಗಲ್ಲ ಕಣ್ರೇ” ಎಂದು ಪ್ರಮೀಳಾ ಹೇಳಿದರೆ ನಾನು ಕೇಳಿಸದವಳಂತೆ ಬೆವರು ಒರೆಸಿಕೊಳ್ಳುತ್ತಿದ್ದೆ. ಕೇಳಿಸುತ್ತಿತ್ತು. ಆ ಮಾತು ಕೇಳಿಸಿಕೊಳ್ಳಲಿಕ್ಕಾಗಿಯೇ ನಾನು ಐದಕ್ಕೆ ಏಳುತ್ತಿದ್ದೆನೇನೋ.

ಆ ಹದಿನಾರು ಜನರಲ್ಲಿ ಸುಕನ್ಯಾ ಎಲ್ಲರಿಗಿಂತ ನಿಯಮದವಳು. ಆರನೇ ಕ್ಲಾಸಿನಲ್ಲಿ ನನ್ನ ಕೈಗೆ ಬಂದವಳು, ಈಗ ನಲವತ್ತೆರಡು. ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ, ಮದುವೆಯಾಗಲಿಲ್ಲ, ದಾಟುವ ಕೆಲಸ ಅವಳಿಗೂ ಇರಲಿಲ್ಲ. ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆಂದು ಆಚೆ ಹೋದಳು. ಬಸ್ಸಿನಿಂದ ಇಳಿಯುವಾಗ ಕೊನೆಯ ಮೆಟ್ಟಿಲಿಂದ ನೆಲಕ್ಕೆ ಕಾಲಿಟ್ಟಳು, ಅಷ್ಟೇ. ಜಾರಲಿಲ್ಲ, ಯಾರೂ ತಳ್ಳಲಿಲ್ಲ. ತೊಡೆಯ ಮೂಳೆ ಒಣ ಕಡ್ಡಿಯ ಹಾಗೆ ಮುರಿಯಿತು.

ಅವಳನ್ನು ನೋಡಲು ನಾನು ಆಟೋದಲ್ಲಿ ಹೋದೆ. ಆಚೆ ಹೋಗಿ ಹನ್ನೊಂದು ವರ್ಷವಾಗಿತ್ತು. ಹಾಸುಗಲ್ಲು ದಾಟುತ್ತಲೇ ಸೀಟಿನೊಳಗೆ ಕುಸಿದೆ. ನನ್ನ ಕೈಗಳು ನನ್ನ ಮಡಿಲಲ್ಲಿ ಯಾರದೋ ಸಾಮಾನಿನಂತೆ ಬಿದ್ದಿದ್ದವು. ಆಸ್ಪತ್ರೆಯ ಲಿಫ್ಟಿನಲ್ಲಿ ಒಂದು ಕನ್ನಡಿಯಿತ್ತು. ಅದರಲ್ಲಿ ಕಂಡ ಹೆಂಗಸಿನ ಕೆನ್ನೆ ಇಳಿದಿತ್ತು, ಕಣ್ಣ ಕೆಳಗೆ ಚೀಲಗಳಿದ್ದವು, ಭುಜ ಬಾಗಿತ್ತು. ನನ್ನ ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದೆ. ಲಿಫ್ಟಿನಲ್ಲಿ ನಾನೊಬ್ಬಳೇ.

ಸುಕನ್ಯಾ ಮಂಪರಿನಲ್ಲಿದ್ದಳು. ಡಾಕ್ಟರು, ಮುಕ್ತಾ ಹೊಸಮನಿ ಎಂಬ ಗಟ್ಟಿ ದನಿಯ ಹೆಂಗಸು, ನನ್ನನ್ನು ತಮ್ಮ ಕೋಣೆಗೆ ಕರೆದರು. “ನೀವೇನಾ ಅವರ ಡ್ರಿಲ್ ಟೀಚರ್? ನಿಮ್ಮದೂ ಒಂದು ಪರೀಕ್ಷೆ ಮಾಡೋಣ” ಎಂದರು. ನನಗೇನೂ ಆಗಿಲ್ಲ ಎಂದೆ. ಅದಕ್ಕೇ ಮಾಡಬೇಕು ಎಂದರು. ಒಂದು ಗಂಟೆಯ ನಂತರ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ನನ್ನ ಮೂಳೆಗಳು ಅಲ್ಲಲ್ಲಿ ಹಳೆಯ ಸೊಳ್ಳೆಪರದೆಯ ಹಾಗೆ ಕಾಣುತ್ತಿದ್ದವು.

“ಮೂಳೆಗೆ ಭಾರ ಬೇಕು ಟೀಚರ್. ಭಾರವೇ ಬೀಳದಿದ್ದರೆ ಅದು ತನ್ನನ್ನು ತಾನೇ ಕರಗಿಸಿಕೊಳ್ಳುತ್ತೆ. ಸುಕನ್ಯಾ ಹೇಳಿದ್ರು, ಆ ಕುದುರೆ ಮೇಲಿಂದ ಹಾರೋದು ಇವತ್ತಿಗೇ ನಿಲ್ಲಿಸಿ. ದಿನಾ ಈ ಕಡೆ ಬನ್ನಿ. ಹತ್ತು ನಿಮಿಷ ನಡೀರಿ. ಬೆಂಚಿನ ಮೇಲೆ ಕೂತು ಏಳಿ, ಐದು ಸಲ.”

“ಐದು ಸಲ ಕೂತು ಏಳೋದು ವ್ಯಾಯಾಮವೇ?” ಎಂದೆ. ನನಗೆ ಅವಮಾನವಾಗಿತ್ತು.

“ಈಗ ಎದ್ದು ತೋರಿಸಿ” ಎಂದರು.

ಕುರ್ಚಿಯ ಕೈ ಹಿಡಿಯದೆ ನನಗೆ ಏಳಲಾಗಲಿಲ್ಲ.

ಮರುದಿನ ನಾನು ಮೈದಾನಕ್ಕೆ ಹೋಗಿ ಐವತ್ತನಾಲ್ಕರ ಬದಲು ಅರವತ್ತು ಸೂರ್ಯನಮಸ್ಕಾರ ಮಾಡಿದೆ. ಪಲ್ಟಿಯನ್ನೂ ಹೊಡೆದೆ. ಗಾಳಿಯಲ್ಲಿ ತಿರುಗುವ ಆ ಒಂದು ಕ್ಷಣದಲ್ಲಿ ಡಾಕ್ಟರ ಮಾತೆಲ್ಲ ಸುಳ್ಳು ಅನ್ನಿಸಿತು. ಇಷ್ಟು ಹಗುರಾಗಿ ಹಾರುವ ಮೈಯಲ್ಲಿ ಏನು ಕೆಟ್ಟಿರಲು ಸಾಧ್ಯ? ಹೆಂಗಸರು ಸುತ್ತ ನಿಂತು ಸುಕನ್ಯಾಳ ಬಗ್ಗೆ ಕೇಳಿದರು. “ಬಸ್ಸಿನ ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿತ್ತಂತೆ, ಜಾರಿದಳು” ಎಂದೆ. ಅದು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಹೇಳಿದ ಮೇಲೆ ನನಗೇ ಆ ಎಣ್ಣೆ ಕಂಡಂತಾಯಿತು. ಪ್ರಮೀಳಾ ನಿಟ್ಟುಸಿರು ಬಿಟ್ಟು, “ಸದ್ಯ, ಬೇರೇನೂ ಅಲ್ಲವಲ್ಲ” ಎಂದಳು.

ಹೀಗೆ ಹತ್ತು ದಿನ ನಡೆಯಿತು. ನನ್ನ ಯಜಮಾನರು ಶ್ರೀಪತಿ ಕೋರ್ಟಿನಲ್ಲಿ ಗುಮಾಸ್ತರು, ಮೂವತ್ತು ವರ್ಷದಿಂದ ದಿನಕ್ಕೆರಡು ಸಲ ಸೇತುವೆ ದಾಟಿದವರು. ಅವರು ನನ್ನ ರಿಪೋರ್ಟನ್ನು ಓದಿ ಮಡಿಸಿ ರೇಡಿಯೋದ ಕೆಳಗಿಟ್ಟರು. ಹತ್ತನೆಯ ದಿನ ಊಟಕ್ಕೆ ಕೂತಾಗ, “ನಿನಗೆ ಭಯ ಯಾವುದರದ್ದು, ಬೀಳೋದರದ್ದಾ?” ಎಂದು ಕೇಳಿದರು. ಹೌದು ಎಂದೆ. ಅದು ನಿಜವಲ್ಲ. ನನಗೆ ಲಿಫ್ಟಿನ ಕನ್ನಡಿಯ ಹೆಂಗಸಿನ ಭಯ. ಈಚೆ ಇರುವವರೆಗೆ ಅವಳು ಇಲ್ಲ. ಆಚೆ ಹೋಗಿ ನಿಂತರೆ ನಾನೇ ಅವಳು. ಅಲ್ಲದೆ ಒಂದು ದಿನ ಕ್ರಮ ತಪ್ಪಿದರೆ, ಒಂದು ದಿನ ಆರಕ್ಕೆ ಮೈದಾನದಲ್ಲಿ ನಾನಿಲ್ಲದಿದ್ದರೆ, ಮೂವತ್ತು ವರ್ಷ ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತದೆ ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು ಇದನ್ನು?

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಸುಕನ್ಯಾ ದಿಂಬಿಗೊರಗಿ ಕೂತಿದ್ದಳು. ನನ್ನ ಕೈ ಹಿಡಿದು ಅತ್ತಳು.

“ತಪ್ಪು ನನ್ನದೇ ಟೀಚರ್. ಜನವರಿಯಲ್ಲಿ ಮದುವೆ ಸೀಸನ್ನು, ಹೊಲಿಗೆ ಜಾಸ್ತಿ ಇತ್ತು. ನಾಲ್ಕೈದು ದಿನ ಮೈದಾನಕ್ಕೆ ಬರಲಿಲ್ಲ. ನೀವು ಯಾವಾಗಲೂ ಹೇಳ್ತಿದ್ರಿ, ತಪ್ಪಿಸಬೇಡಿ ಅಂತ. ತಪ್ಪಿಸಿದೆ, ಅದಕ್ಕೇ ಹೀಗಾಯ್ತು. ಎದ್ದ ಮೇಲೆ ಒಂದು ದಿನವೂ ತಪ್ಪಿಸಲ್ಲ, ಆಣೆ.”

ನಾನು ಅವಳ ತಲೆ ಸವರಿದೆ. “ಮೊದಲು ವಾಸಿಯಾಗು” ಎಂದಷ್ಟೇ ಹೇಳಿ ಹೊರಗೆ ಬಂದೆ. ಹೊರಗೆ ಬಂದವಳು ಆಟೋ ಕರೆಯಲಿಲ್ಲ. ಕರೆಯುವ ಯೋಗ್ಯತೆ ಇಲ್ಲ ಅನ್ನಿಸಿತು. ಸೇತುವೆಗೆ ಹತ್ತು ನಿಮಿಷದ ದಾರಿ. ಐದು ನಿಮಿಷ ನಡೆಯುವಷ್ಟರಲ್ಲಿ ತೊಡೆ ನಡುಗಿ, ಉಸಿರು ಎದೆಯಲ್ಲೇ ಸಿಕ್ಕಿಕೊಂಡು, ರಸ್ತೆಬದಿಯ ಕಲ್ಲುಬೆಂಚಿನ ಮೇಲೆ ಕುಸಿದು ಕೂತೆ. ಈಚೆಯಿಂದ ಬರುವವರು ಮೈಗೆ ತೂಕ ಒಗ್ಗಿಸಿಕೊಳ್ಳಲೆಂದೇ ಅಲ್ಲಿ ಅಂಥ ಬೆಂಚುಗಳನ್ನು ಹಾಕಿದ್ದಾರೆ.

“ಏನ್ರೀ ಟೀಚರವ್ವಾ, ಇಲ್ಲ್ಯಾಕ ಕುಂತೀರಿ?”

ನಮ್ಮ ಬೀದಿಗೆ ಸೊಪ್ಪು ತರುವ ದ್ಯಾಮವ್ವ. ಆಚೆಯವಳು. ದಿನಾ ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ಈಚೆ ಬಂದು ಮಾರಿ ಹೋಗುತ್ತಾಳೆ. ನನಗಿಂತ ಆರೇಳು ವರ್ಷ ದೊಡ್ಡವಳು. ಇಪ್ಪತ್ತು ವರ್ಷ ಅವಳ ಕೈಯಿಂದ ಮೆಂತ್ಯ ತಗೊಂಡಿದ್ದೆ, ಅವಳು ನಡೆಯುವುದನ್ನು ನೋಡಿರಲಿಲ್ಲ.

“ಸ್ವಲ್ಪ ಸುಸ್ತು” ಎಂದೆ.

“ಸುಸ್ತಲ್ರೀ, ತೂಕ.” ಅವಳು ಖಾಲಿ ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತಳು. “ನಿಮ್ಮ ಕಡೀ ಮಂದಿ ಈ ಕಡೀ ಬಂದಾಗ ಎಲ್ಲಾರೂ ಇದ ತಪ್ಪು ಮಾಡ್ತೀರಿ. ಮೈ ಬಿಗಿ ಹಿಡೀತೀರಿ. ತೂಕದ ಜೋಡಿ ಜಗಳಾ ತಗೀತೀರಿ. ಮಂಡಿ ಸಡಿಲ ಬಿಡ್ರಿ. ಸಣ್ಣ ಹೆಜ್ಜೀ ಇಡ್ರಿ. ಏಳ್ರಿ, ನನ್ನ ಭುಜಾ ಹಿಡೀರಿ.”

ಮೂವತ್ತೊಂದು ವರ್ಷ ಮಕ್ಕಳಿಗೆ ನಡೆಯಲು ಕಲಿಸಿದವಳು ಸೊಪ್ಪಿನವಳ ಭುಜ ಹಿಡಿದು ಹೆಜ್ಜೆಯಿಟ್ಟೆ. ಹಾಸುಗಲ್ಲಿನ ತನಕ ಬಿಟ್ಟಳು. ನಾಳೆ ಮಧ್ಯಾಹ್ನ ಎರಡಕ್ಕೆ ಬರುತ್ತೇನೆ, ಹೀಗೇ ಸ್ವಲ್ಪ ನಡೆಸು ಎಂದೆ. ಆ ಹೊತ್ತಿಗೆ ಬೀದಿಯಲ್ಲಿ ಯಾರೂ ಇರುವುದಿಲ್ಲ.

“ಮಧ್ಯಾಹ್ನದಾಗ? ಬಿಸಿಲಿಗೆ ತಲಿ ತಿರಿಗಿ ಬೀಳ್ತೀರಿ. ಮುಂಜಾನಿ ಆರಕ್ಕ ಬರ್ರಿ. ನಾ ಬುಟ್ಟಿ ತಗೊಂಡು ಅಲ್ಲೇ ಬರ್ತೀನಿ.”

“ಆರಕ್ಕೆ ನನಗೆ ಮೈದಾನ ಇದೆ.”

“ಹಂಗಾರ ಬ್ಯಾಡ ಬಿಡ್ರಿ” ಎಂದು ಅವಳು ಹೋಗಿಯೇಬಿಟ್ಟಳು. ಅವಳಿಗೆ ನನ್ನಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಅದರ ಮುಂದಿನ ಸೋಮವಾರ ಬೆಳಿಗ್ಗೆ ಹೆಂಗಸರು ಸಾಲಾಗಿ ನಿಂತಾಗ ನಾನು ಓಟ ಶುರು ಮಾಡಿಸಲಿಲ್ಲ. ಎಲ್ಲರನ್ನೂ ಕೂರಿಸಿದೆ. ಎಣ್ಣೆ ಇರಲಿಲ್ಲ, ಸುಕನ್ಯಾ ಜಾರಲಿಲ್ಲ ಎಂದೆ. ನನ್ನ ಫಿಲ್ಮನ್ನು ಚೀಲದಿಂದ ತೆಗೆದು ಸೂರ್ಯನ ಎದುರಿಗೆ ಹಿಡಿದು ತೋರಿಸಿದೆ. ನಿಮ್ಮದೂ ಹೀಗೇ ಇರಬಹುದು, ಹೋಗಿ ಪರೀಕ್ಷೆ ಮಾಡಿಸಿ ಎಂದೆ. ಇಲ್ಲಿ ನಾವು ಮಾಡಿದ್ದು ಎದೆಗೆ, ಉಸಿರಿಗೆ ಒಳ್ಳೆಯದೇ, ಮೂಳೆಗೆ ಸಾಲದು. ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಾದ ಮೇಲೂ ಹದಿನೈದು ದಿನ ನಿಮ್ಮಿಂದ ಮುಚ್ಚಿಟ್ಟೆ.

ಪ್ರಮೀಳಾ ಎದ್ದು ನಿಂತಳು.

“ಇಪ್ಪತ್ತು ವರ್ಷ ಟೀಚರ್. ನನ್ನ ಮಗಳನ್ನೂ ಕರ್ಕೊಂಡು ಬಂದೆ. ಆಚೆ ಮನೆ ಸಿಕ್ಕಿದ್ರೂ ನಿಮ್ಮ ಮೈದಾನ ಬಿಡಬಾರದು ಅಂತ ನಾವು ಹೋಗಲಿಲ್ಲ.”

“ಗೊತ್ತು.”

“ನಾಳೆಯಿಂದ ಏನು ಮಾಡ್ತೀರಿ?”

“ಆರಕ್ಕೆ ಸೇತುವೆ ದಾಟ್ತೀನಿ. ಬರೋರು ಬರಬಹುದು. ಅಲ್ಲಿ ನಾನು ಟೀಚರ್ ಅಲ್ಲ, ನಾನೇ ಕಲೀಬೇಕು.”

ಪ್ರಮೀಳಾ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅವಳ ಹಿಂದೆ ಆರೇಳು ಜನ. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬಳು ಮಾತ್ರ ನನ್ನ ಚೀಲವನ್ನು ಎತ್ತಿ ಕೈಗೆ ಕೊಟ್ಟು ಹೋದಳು.

ಸುದ್ದಿ ಬೇರೆಯವರ ಬಾಯಿಂದ ಸುಕನ್ಯಾಳಿಗೆ ಮುಟ್ಟಬಾರದೆಂದು ಅಲ್ಲಿಂದಲೇ ಹೊರಟೆ. ಅವಳನ್ನು ಆಸ್ಪತ್ರೆಯಿಂದ ಅಣ್ಣನ ಮನೆಗೆ ಕರೆದುಕೊಂಡು ಹೋಗಿದ್ದರು. ಅದೂ ಆಚೆಗೇ, ಕಲ್ಲುಬೆಂಚಿನ ಹಿಂದಿನ ಬೀದಿ. ಕಿಟಕಿಗೆ ತಾಗಿದ್ದ ಅವಳ ಮಂಚದ ಪಕ್ಕ ನಿಂತೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲವೆಂದು. ನೀನು ತಪ್ಪಿಸಿದ್ದರಿಂದ ಆದದ್ದಲ್ಲ. ಈಚೆಗೇ ಉಳಿದು ತಪ್ಪಿಸದೆ ಬಂದದ್ದರಿಂದ ಆದದ್ದು.

ಅವಳು ಹೊದಿಕೆಯ ಅಂಚನ್ನು ಬೆರಳಿಂದ ಮಡಿಸಿದಳು.

“ಮೊದಲನೇ ಸಲ ಬಂದಾಗಲೇ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಅತ್ತೆನಲ್ಲ, ನನ್ನದೇ ತಪ್ಪು ಅಂತ. ಆಗಲೂ?”

“ಆಗಲೂ.”

“ಹೋಗಿ ಟೀಚರ್” ಎಂದಳು. ದನಿ ಏರಿಸಲಿಲ್ಲ. “ಸದ್ಯಕ್ಕೆ ಬರಬೇಡಿ.”

ಸಂಜೆ ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ದ್ಯಾಮವ್ವ ಆರಕ್ಕೆ ಕರೆದದ್ದನ್ನೂ. ಮರುದಿನ ಐದಕ್ಕೆ ಎಚ್ಚರವಾಯಿತು. ಕಾಲುಗಳು ತಾವಾಗಿಯೇ ಮೈದಾನದ ಕಡೆ ತಿರುಗಿದವು. ತಿರುವಿನಲ್ಲಿ ನಿಂತು ಮರದ ಕುದುರೆಯನ್ನು ದೂರದಿಂದ ನೋಡಿದೆ. ಒಂದೇ ಒಂದು ಸುತ್ತು ಓಡಿ ಹೋದರೆ ಏನು ಅನ್ನಿಸಿತು. ಓಡಿದರೆ ಆರು ಗಂಟೆ ಮೀರುತ್ತದೆ, ಮೀರಿದರೆ ನಾಳೆ ಹೋಗೋಣ ಅನ್ನಿಸುತ್ತದೆ. ನನ್ನನ್ನು ನಾನು ಅಷ್ಟು ಬಲ್ಲೆ. ಸೇತುವೆಯ ಕಡೆ ನಡೆದೆ. ಹಾಸುಗಲ್ಲು ದಾಟುವಾಗ ಕಣ್ಣು ಮುಚ್ಚಿಕೊಂಡೆ.

ದ್ಯಾಮವ್ವ ಬೆಂಚಿನ ಹತ್ತಿರ ಬುಟ್ಟಿ ಇಳಿಸಿ ಕಾಯುತ್ತಿದ್ದಳು. ನಾನು ಬರುತ್ತೇನೆಂದು ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳಿದರೆ, “ನಿಮ್ಮ ಸಾಹೇಬ್ರು ನಿನ್ನೆ ಸಂಜೀ ಹೇಳಿ ಹ್ವಾದ್ರು” ಎಂದಳು. ಹತ್ತು ನಿಮಿಷ ನಡೆಸಿದಳು. ಆಮೇಲೆ ಬೆಂಚಿನ ಮೇಲೆ ಕೂರಿಸಿ ಏಳು ಎಂದಳು. ಎದ್ದೆ. ಎರಡನೆಯ ಸಲವೂ ಎದ್ದೆ. ಮೂರನೆಯದಕ್ಕೆ ಮಂಡಿ ನಡುಗಿತು. ನಾಲ್ಕನೆಯದಕ್ಕೆ ಅರ್ಧ ಎದ್ದು ಧೊಪ್ಪನೆ ಬಿದ್ದು ಕೂತೆ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು, “ಏನಾಯ್ತಜ್ಜೀ?” ಎಂದು ಕೇಳಿದ. ಅಜ್ಜಿ! ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಹಾಗೆ ಕರೆದಿದ್ದರು. ನನಗೆ ಅಳು ಬಂತು. ದ್ಯಾಮವ್ವ ಅವನಿಗೆ, “ಏನೂ ಆಗಿಲ್ಲಪಾ, ಅಜ್ಜಿ ಕಸರತ್ ಮಾಡಾಕತ್ತಾರ” ಎಂದಳು. ಅವನು ತಲೆಯಾಡಿಸಿ, “ಮಾಡ್ಲಿ, ಮಾಡ್ಲಿ” ಎಂದು ಸೈಕಲ್ ಹತ್ತಿ ಹೋದ. ಅಷ್ಟೇ. ನಾನು ಮೂವತ್ತು ವರ್ಷ ಹೆದರಿದ್ದು ನಡೆದುಹೋಗಿತ್ತು, ಮತ್ತು ಬೀದಿಯಲ್ಲಿ ಒಬ್ಬರೂ ಅದಕ್ಕಾಗಿ ನಿಂತಿರಲಿಲ್ಲ.

ಬೇಗ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಮೈಯೆಲ್ಲ ನೋವು. ಐದು ಸಲ ಬೆಂಚಿನಿಂದ ಏಳಲು ಹತ್ತೊಂಬತ್ತು ದಿನ ಹಿಡಿಯಿತು. ನಡುವೆ ಎರಡು ದಿನ ಹೋಗದೆ ಹಾಸಿಗೆಯಲ್ಲೇ ಮಲಗಿದ್ದೆ. ಮೂರನೆಯ ದಿನ ಹೋದಾಗ ಏನೂ ಬಿಚ್ಚಿಹೋಗಿರಲಿಲ್ಲ, ಬಿಟ್ಟಲ್ಲಿಂದಲೇ ಶುರುವಾಯಿತು. ಅದು ನನಗೆ ಹೊಸ ವಿಷಯ. ಮೈದಾನದ ಹಗುರ, ಗಾಳಿಯಲ್ಲಿ ತಿರುಗುವ ಆ ಕ್ಷಣ ನನಗೆ ಈಗಲೂ ನೆನಪಾಗುತ್ತದೆ, ಅಂಥ ಸುಖ ಆಚೆ ಒಂದು ದಿನವೂ ಸಿಕ್ಕಿಲ್ಲ. ಆದರೆ ಹಸಿವು ಹೆಚ್ಚಿತು. ನಡೆಯುವಾಗ ನೆಲ ನನ್ನ ಕಾಲನ್ನು ತಳ್ಳುವುದು ಗೊತ್ತಾಗತೊಡಗಿತು. ಮೈದಾನದ ಹೆಂಗಸರಲ್ಲಿ ಮೊದಲು ನನ್ನ ಚೀಲ ಕೊಟ್ಟವಳು ಬಂದಳು, ಮಳೆಗಾಲ ಹಿಡಿಯುವ ಹೊತ್ತಿಗೆ ನಾವು ಐದು ಜನ. ಪ್ರಮೀಳಾ ಬರಲಿಲ್ಲ. ಪರೀಕ್ಷೆ ಮಾಡಿಸಿಕೊಂಡಳು, ಮಗಳಿಗೂ ಮಾಡಿಸಿದಳು, ಮಗಳದು ಚೆನ್ನಾಗಿದೆ ಎಂದು ಬೇರೆಯವರಿಂದ ತಿಳಿಯಿತು. ಆ ಸುದ್ದಿ ಕೇಳಿದ ದಿನ ನಾನು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ, ಏನೂ ಮಾಡಲಿಲ್ಲ.

ಸುಕನ್ಯಾಳ ಬೀದಿ ಅಲ್ಲೇ ಹಿಂದೆ ಇತ್ತು. ನಾನು ಆ ಕಡೆ ಹೋಗುತ್ತಿರಲಿಲ್ಲ. ಬರಬೇಡಿ ಎಂದಿದ್ದಳು.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಮೋಡ ಕವಿದಿತ್ತು, ಉಳಿದವರು ನಡೆಯಲು ಮುಂದೆ ಹೋಗಿದ್ದರು, ನಾನೊಬ್ಬಳೇ ಬೆಂಚಿನ ಹತ್ತಿರ ಇದ್ದೆ. ವಾಕರ್ ನೆಲಕ್ಕೆ ಕುಟ್ಟುವ ಸದ್ದು ಕೇಳಿಸಿತು. ಸುಕನ್ಯಾ. ಹಿಂದೆ ಅವಳ ಅಣ್ಣ. ತೀರ ಇಳಿದುಹೋಗಿದ್ದಳು. ಹತ್ತಿರ ಬಂದು ನಿಂತು, ಅಣ್ಣನಿಗೆ ಅಲ್ಲೇ ಇರು ಎಂದು ಕೈಸನ್ನೆ ಮಾಡಿದಳು.

“ಡಾಕ್ಟರು ವಾಕರ್ ಬಿಡು ಅಂತ ಮೂರು ವಾರದಿಂದ ಹೇಳ್ತಿದ್ದಾರೆ” ಎಂದಳು. “ನನಗೆ ಆಗ್ತಿಲ್ಲ. ಕಾಲೂರಿದ ಕೂಡಲೇ ಆ ಸದ್ದು ಕೇಳಿಸುತ್ತೆ. ಮುರಿದಾಗಿನ ಸದ್ದು.”

ಏನು ಹೇಳಿದರೂ ಟೀಚರ್ ಮಾತಾಡಿದಂತೆ ಆಗುತ್ತಿತ್ತು.

“ಕಿಟಕಿಯಿಂದ ನೋಡ್ತಿದ್ದೆ ನಿಮ್ಮನ್ನ. ದಿನಾ. ಮೊದಲ ದಿನ ನಾಲ್ಕನೇ ಸಲಕ್ಕೆ ಬಿದ್ದಿರಿ.”

“ಬಿದ್ದೆ.”

“ನನಗೆ ಖುಷಿಯಾಯ್ತು ಆವತ್ತು.” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಇನ್ನೂ ಸಿಟ್ಟಿದೆ ಟೀಚರ್. ಹೋಗಿಲ್ಲ.”

“ಇರಲಿ” ಎಂದೆ.

ಅವಳು ಒಂದು ಕೈ ವಾಕರಿನಿಂದ ತೆಗೆದಳು. ಆಮೇಲೆ ಇನ್ನೊಂದು. ಮುಖ ಬಿಳಿಚಿಕೊಂಡಿತು. ನಾನು ಕೈ ಚಾಚಿದೆ, ಅವಳು ಹಿಡಿಯಲಿಲ್ಲ. ಮುರಿದ ಕಾಲನ್ನು ಎತ್ತಿ ಒಂದು ಗೇಣಿನಷ್ಟು ಮುಂದೆ ಇಟ್ಟಳು. ಅದರ ಮೇಲೆ ಭಾರ ಹಾಕುವ ಹೊತ್ತಿಗೆ ಧೈರ್ಯ ತಪ್ಪಿತು. ಮೈ ನನ್ನ ಕಡೆಗೆ ವಾಲಿ, ಭುಜ, ತಲೆ, ತೋಳು ಎಲ್ಲ ಒಟ್ಟಿಗೆ ನನ್ನ ಮೇಲೆ ಬಂತು. ಬೆಳೆದ ಹೆಂಗಸಿನ ಪೂರ್ತಿ ತೂಕ. ಅಣ್ಣ ಕೂಗಿ ಓಡಿಬರುತ್ತಿದ್ದ. ನನ್ನ ಮಂಡಿ ಬಾಗಿತು, ಬೆನ್ನು ಕೆಳಗಿನವರೆಗೂ ಉರಿಯಿತು, ಪಾದಗಳು ನೆಲಕ್ಕೆ ಒತ್ತಿಕೊಂಡವು. ಇನ್ನೂ ಕುಸಿಯುತ್ತೇನೆ ಎಂದು ಕಾಯುತ್ತಿದ್ದೆ. ಕುಸಿಯಲಿಲ್ಲ.

ಅಣ್ಣ ಹತ್ತಿರ ಬಂದು ವಾಕರನ್ನು ಮುಂದೆ ಹಿಡಿದ. ಸುಕನ್ಯಾ ನನ್ನ ಭುಜದಿಂದ ಮುಖ ಎತ್ತಲಿಲ್ಲ.

“ಬೇಡ ಅಣ್ಣ, ಇರು” ಎಂದಳು. ಅವಳ ಉಸಿರು ನನ್ನ ಕತ್ತಿಗೆ ಬಿಸಿಯಾಗಿ ತಾಗುತ್ತಿತ್ತು. “ಟೀಚರ್, ಈಗ ಇನ್ನೊಂದು ಕಾಲು ಇಡ್ತೀನಿ.”